ಮದರ್‌ಬೋರ್ಡಿಗೆ ಬಿಯರ್ ಚಿಮುಕಿಸಿದ ಶುಕ್ರವಾರ

1

ಎಲ್ಲಿಂದ ಶುರು ಮಾಡಲಿ? ಬಿಯರ್ ಬಿದ್ದಲ್ಲಿಂದ ಶುರು ಮಾಡಿದರೆ ನೀವು ಮೊದಲ ಸಾಲಿನಲ್ಲೇ ದಾಮಿಯಾನಾಳನ್ನು ಅಪರಾಧಿ ಮಾಡಿಬಿಡುತ್ತೀರಿ. ಆದ್ದರಿಂದ ಅವಳ ಬೆರಳುಗಳಿಂದ ಶುರು ಮಾಡುತ್ತೇನೆ. ಬೆಟ್ಟದ ಮೇಲಿನ ನಮ್ಮ ಚಳಿಯೂರು ಎಲ್ ಆಲ್ಟೊದಲ್ಲಿ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ. ರಾತ್ರಿ ನೆನೆಹಾಕಿದ್ದ ಚುನ್ಯೊವನ್ನು, ಹಿಮಕ್ಕೊಡ್ಡಿ ಒಣಗಿಸಿದ ಆ ಕಪ್ಪು ಆಲೂಗಡ್ಡೆಯನ್ನು, ಅವಳು ಒಂದೊಂದಾಗಿ ಹಿಂಡಿ ಸಿಪ್ಪೆ ಬಿಡಿಸುತ್ತಿದ್ದಾಳೆ. ನೀರು ಕೊರೆಯುತ್ತಿದೆ. ಯಾರೋ ಬಾಗಿಲು ಬಡಿದರು. ಅವಳು ಕೈ ಒರೆಸಿಕೊಳ್ಳುವಷ್ಟರಲ್ಲಿ ಹದಿಮೂರರ ಮಗಳು ಲಿಸ್ಬೆತ್ ಓಡಿಹೋಗಿ ಬಾಗಿಲು ತೆಗೆದಾಗಿತ್ತು.

(ಗ್ಯಾಸಿನ ಲಾರಿಯವನು ಸಿಲಿಂಡರ್ ಬಡಿದು ಬಡಿದು ಕರೆದರೂ ಈ ಹುಡುಗಿ ಕೂತಲ್ಲಿಂದ ಏಳುವುದಿಲ್ಲ. ಇದು ಪಕ್ಕದ ಮನೆಯ ನನ್ನ ಮಾತಲ್ಲ, ದಾಮಿಯಾನಾ ಹೇಳಿ ಬರೆಸುತ್ತಿದ್ದಾಳೆ.)

ಬಂದವಳು ಸೆನೋಬಿಯಾ. ಸಂತೆಬೀದಿಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಇಟ್ಟವಳು. ಕಂಕುಳಲ್ಲಿ ಮದರ್‌ಬೋರ್ಡಿನ ಪೆಟ್ಟಿಗೆ.

2

ನಮ್ಮಲ್ಲಿ ದೊಡ್ಡ ವಸ್ತು ಏನೇ ಮನೆಗೆ ಬಂದರೂ ಅದನ್ನು ತಂದುಕೊಡಲು ಒಬ್ಬ ಧರ್ಮತಂದೆಯೋ ಧರ್ಮತಾಯಿಯೋ ಬೇಕು. ಲಿಸ್ಬೆತ್ ಬಿಡಿಭಾಗ ಕೂಡಿಸಿ ಕಟ್ಟುತ್ತಿದ್ದ ಕಂಪ್ಯೂಟರಿನ ಡಬ್ಬಿಗೆ ಚಿಕ್ಕಪ್ಪ ಧರ್ಮತಂದೆ ಆದ, ಮೆಮೊರಿಗೆ ಅಜ್ಜ ಆದ. ಮದರ್‌ಬೋರ್ಡಿಗೆ ಅವಳು ಕೇಳಿಕೊಂಡದ್ದು ಸೆನೋಬಿಯಾಳನ್ನು. ಹೆತ್ತವಳನ್ನು ಕೇಳುವ ಪದ್ಧತಿ ಇಲ್ಲ, ಹೆತ್ತವರಲ್ಲದ ಬೇರೆ ಯಾರಾದರೂ ಆಗಬೇಕು. ದಾಮಿಯಾನಾಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಯ ಉರಿ ಆರುತ್ತದೆಯೇ?

(ಮದರ್‌ಬೋರ್ಡ್, ತಾಯಿ ಎಂದು ಇಲ್ಲೊಂದು ಚಮತ್ಕಾರದ ಸಾಲು ಬರೆದಿದ್ದೆ. ಹೊಡೆದುಹಾಕಿದೆ. ನನ್ನ ಒಲೆಯ ಮೇಲೆ ಸೂಪು ಉಕ್ಕುತ್ತಿದೆ, ಚಮತ್ಕಾರಕ್ಕೆ ಪುರುಸೊತ್ತಿಲ್ಲ.)

ಆರು ತಿಂಗಳಿಂದ ಲಿಸ್ಬೆತ್ ಶಾಲೆ ಬಿಟ್ಟೊಡನೆ ಆ ಅಂಗಡಿಗೆ ಹೋಗುತ್ತಿದ್ದಳು. ಊಟಕ್ಕೆ ಕೂತರೆ ಅದೇ ಪಾಠ. ಮೊದಲು ಪ್ರೊಸೆಸರಿಗೆ ಸಾಕೆಟ್ ಹೊಂದುತ್ತದೆಯೇ ನೋಡಬೇಕಂತೆ, ಉಳಿದದ್ದೆಲ್ಲ ಆಮೇಲೆ. ಬಣ್ಣದ ದೀಪಗಳಿಗೆ ಮರುಳಾಗಬಾರದಂತೆ. ಕರೆಂಟು ಹಾಯುವ ಜಾಗದ ಮೇಲೆ ಶಾಖ ಹೀರುವ ದಪ್ಪ ಲೋಹ ಇರಬೇಕಂತೆ. ಪೆಟ್ಟಿಗೆಯ ಅಂಟುಪಟ್ಟಿ ಎರಡು ಸಲ ಅಂಟಿಸಿದಂತಿದ್ದರೆ ಯಾರೋ ವಾಪಸು ಕೊಟ್ಟ ಮಾಲಂತೆ. ಪ್ರತಿ ಮಾತಿನ ಬಾಲಕ್ಕೂ ‘ಧರ್ಮತಾಯಿ ಹೇಳಿದ್ರು’. ಸೂಪು ಬಡಿಸುತ್ತ ದಾಮಿಯಾನಾ ಒಂದು ದಿನ ಎಣಿಸಿದಳು. ಹದಿನಾಲ್ಕು ಸಲ. ಸೂಪಿನ ಬಗ್ಗೆ ಒಂದು ಸಲವೂ ಇಲ್ಲ.

3 (ಹರಿದುಹಾಕಿದ ಕರಡು)

ಇದರಲ್ಲಿ ಸೆನೋಬಿಯಾಳನ್ನು ಮೋಸಗಾತಿ ಮಾಡಿದ್ದೆ. ಹಳೆಯ ಬೋರ್ಡು ತೊಳೆದು ಹೊಸದೆಂದು ಮಾರುವವಳು. ಓದಿ ದಾಮಿಯಾನಾಗೆ ಮೈಯೆಲ್ಲ ಹಗುರವಾಯಿತು. ಆದರೆ ಸೆನೋಬಿಯಾ ಅಂಥವಳಲ್ಲ. ಥಳುಕಿನವನ್ನೆಲ್ಲ ಪಕ್ಕಕ್ಕಿಟ್ಟು, ಹತ್ತು ವರ್ಷ ಬಾಳುವ ಸಾದಾ ಬೋರ್ಡನ್ನೇ ಹುಡುಕಿ ತಂದವಳು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟ. ಹಿಡಿದುಕೊಳ್ಳಲು ಹಿಡಿಯೇ ಇರುವುದಿಲ್ಲ.

4

ಬೋರ್ಡಿಗೆ ಮೇಜು ಒರಟಾದೀತೆಂದು ದಾಮಿಯಾನಾ ತನ್ನ ಉಣ್ಣೆಯ ಕಂಬಳಿ ತಂದು ಮಡಿಸಿ ಹಾಸಿದಳು. ಸೆನೋಬಿಯಾ ಅದನ್ನು ಮೆಲ್ಲಗೆ ಎಳೆದು ತೆಗೆದಳು.

“ಕಂಬಳಿ ಬೇಡ ಕಣಮ್ಮ. ಈ ಒಣ ಚಳೀಲಿ ಉಣ್ಣೆ ಮುಟ್ಟಿದ್ರೆ ಕಿಡಿ ಹಾರುತ್ತೆ, ಬೋರ್ಡು ಸತ್ತೇ ಹೋಗುತ್ತೆ.”

ಲಿಸ್ಬೆತ್ ನಕ್ಕಳು. ಕೆಟ್ಟ ನಗುವೇನಲ್ಲ. ಆದರೂ ನಕ್ಕಳು.

ದಾಮಿಯಾನಾ ಕಂಬಳಿಯನ್ನು ಎದೆಗವಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಡಬ್ಬಿಯ ಬರಿಯ ಲೋಹ ಮುಟ್ಟಿ ಆಮೇಲೆ ಬೋರ್ಡು ಮುಟ್ಟು ಎಂದಳು ಸೆನೋಬಿಯಾ. ಡಬ್ಬಿಯೊಳಗಿನ ಹಿತ್ತಾಳೆಯ ಪುಟ್ಟ ಕಾಲುಗಳನ್ನು ಬೋರ್ಡಿನ ತೂತುಗಳಿಗೆ ಸರಿಯಾಗಿ ಎಣಿಸು, ಒಂದು ಹೆಚ್ಚಿದ್ದರೂ ಬೆನ್ನಿಗೆ ತಗುಲಿ ಸುಟ್ಟೀತು ಎಂದಳು. ಪ್ರೊಸೆಸರನ್ನು ಒತ್ತಬೇಡ, ಸುಮ್ಮನೆ ಕೂರಿಸು, ತಾನೇ ಕೂರುತ್ತದೆ. ಲಿಸ್ಬೆತ್ ನಾಲಿಗೆಯ ತುದಿ ಕಚ್ಚಿಕೊಂಡು ಕೂರಿಸಿದಳು. ಸೂಜಿಗೆ ದಾರ ಪೋಣಿಸಲು ಅಮ್ಮ ಕಲಿಸಿದ ದಿನ ಹೀಗೇ ಕಚ್ಚಿಕೊಂಡಿದ್ದಳು. ಈಗ ಆ ನಾಲಿಗೆಯ ತುದಿ ಬೇರೆಯವರ ಪಾಲು.

ದಾಮಿಯಾನಾ ಮತ್ತೆ ಚುನ್ಯೊ ಹಿಂಡಲು ಹೋದಳು. ಹೊರಡುವ ಮುನ್ನ ಸೆನೋಬಿಯಾ ಹೇಳಿದ್ದು ಇಷ್ಟು: “ಚಾಲ್ಯ ಮಾಡೋದಾದ್ರೆ ಮೇಜಿನ ಮೂಲೆಗೆ ನಾಲ್ಕು ಹನಿ ಸ್ಪಿರಿಟ್ ಸಾಕು. ಬಿಯರ್ ಬೇಡ. ಅದರ ಅಂಟು ಒಣಗಲ್ಲ.”

ಹೊಸ ವಸ್ತುವಿಗೆ ಭೂತಾಯಿಯ ಹೆಸರಲ್ಲಿ ಮದ್ಯ ಚಿಮುಕಿಸಿ ಹರಸುವುದೇ ಚಾಲ್ಯ. ಮೊದಲ ಶುಕ್ರವಾರ ಅದಕ್ಕೆ ಒಳ್ಳೆಯ ದಿನ. ಧರ್ಮತಾಯಿಯನ್ನು ಬಸ್ಸಿನವರೆಗೆ ಬಿಟ್ಟುಬರಲು ಲಿಸ್ಬೆತ್ ಹೋದಳು. ಡಬ್ಬಿಯ ಒಂದು ಮಗ್ಗುಲು ತೆರೆದೇ ಇತ್ತು. ದಾಮಿಯಾನಾ ಬಾಟಲಿ ತಂದಳು. ನಾಲ್ಕು ಹನಿಯಲ್ಲ. ಮೇಜಿನ ಮೂಲೆಗೂ ಅಲ್ಲ. ಸ್ಪಿರಿಟ್ಟೂ ಅಲ್ಲ.

ಹುಡುಗಿ ಓಡುತ್ತ ಬಂದಳು, ಅಮ್ಮ ಬಾಯಿ ತೆರೆಯುವ ಮೊದಲೇ ಸ್ವಿಚ್ ಒತ್ತಿದಳು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಸುಟ್ಟ ವಾಸನೆ.

5

ಸೆನೋಬಿಯಾ ಹೇಳಿದ್ದು ನಿನಗೆ ಕೇಳಿಸಿತ್ತೇ ಎಂದು ನಾನು ದಾಮಿಯಾನಾಳನ್ನು ಕೇಳಿದೆ.

“ನಲ್ಲಿ ಬಿಟ್ಟಿದ್ದೆ, ಕೇಳಿಸಲಿಲ್ಲ ಅಂತ ಬರಿ.”

“ಚುನ್ಯೊ ಹಿಂಡೋಕೆ ನಲ್ಲಿ ಯಾಕೆ?”

“ನೀನೇನು ಪೊಲೀಸಾ? ನಿನ್ನ ಮಗ ಅವನ ಟೀಚರ್ ಗುಣಗಾನ ಶುರು ಮಾಡಿದ ತಕ್ಷಣ ನೀನು ಪಾತ್ರೆ ಕುಕ್ಕೋದು ನನಗೆ ಗೊತ್ತಿಲ್ವಾ?”

ನಾನು ಪೆನ್ನು ಕೆಳಗಿಟ್ಟೆ. (ಪಾತ್ರೆ ತೊಳೆದೆ. ಸದ್ದಿಲ್ಲದೆ.)

ಆಮೇಲೆ ಅವಳೇ ಹೇಳಿದಳು, ಹರಸಿದ್ದು ಸುಳ್ಳಲ್ಲವಂತೆ. ನನ್ನ ಮಗಳ ಯಂತ್ರ ಚೆನ್ನಾಗಿ ಬಾಳಲಿ ಎಂದು ಭೂತಾಯಿಯನ್ನು ಬೇಡುತ್ತಲೇ ಸುರಿದಳಂತೆ. ನಂಬುತ್ತೇನೆ. ಎರಡೂ ಒಂದೇ ಕೈಯಿಂದ ಆಗಿರಬಹುದು.

6

ಅಂತ್ಯ ಒಂದು: ದಾಮಿಯಾನಾ ಅತ್ತು ಒಪ್ಪಿಕೊಳ್ಳುತ್ತಾಳೆ, ಸೆನೋಬಿಯಾ ತಬ್ಬಿಕೊಳ್ಳುತ್ತಾಳೆ. (ಇಷ್ಟು ಬೆಣ್ಣೆ ಯಾರಿಗೂ ಜೀರ್ಣವಾಗುವುದಿಲ್ಲ.)

ಅಂತ್ಯ ಎರಡು: ಬೋರ್ಡನ್ನು ತೊಳೆದು ಒಣಗಿಸಿದರೆ ಜೀವ ಬರುತ್ತದೆ. ಬರೆಯಲು ನನಗೂ ಆಸೆ. ಆದರೆ ಸಾಕೆಟ್ಟಿನ ಪಕ್ಕ ಒಂದು ಗೆರೆ ಸುಟ್ಟು ಕಪ್ಪಾಗಿದೆ.

ಅಂತ್ಯ ಮೂರು ದಾಮಿಯಾನಾಳದೇ ಸಲಹೆ: ಬೋರ್ಡಿನಲ್ಲೇ ದೋಷವಿತ್ತು ಅಂತ ಬರಿ. ಅಂದರೆ ಆರಿಸಿದವಳ ತಪ್ಪು. ಅರ್ಧ ಸಾಲು ಬರೆದೂಬಿಟ್ಟಿದ್ದೆ, ನಾಚಿಕೆಗೇಡು. ಅಷ್ಟರಲ್ಲಿ ಲಿಸ್ಬೆತ್ ತಲೆ ಎತ್ತಿದಳು.

ಬೋರ್ಡನ್ನು ಹಳೆಯ ಪೇಪರಿನ ಮೇಲಿಟ್ಟು ಅವಳು ಹಲ್ಲುಜ್ಜುವ ಬ್ರಶ್ಶಿನಿಂದ ಅಂಟು ತೆಗೆಯುತ್ತಿದ್ದಳು. ಅತ್ತಿರಲಿಲ್ಲ. ಸೆನೋಬಿಯಾಗೆ ಫೋನು ಮಾಡಿರಲಿಲ್ಲ. ಬೆರಳು ಮೂಸಿ ನೋಡಿದಳು, ಅಡುಗೆಮನೆಯ ಬಾಗಿಲನ್ನು ನೋಡಿದಳು, ಮಾತು ಕೇಳಿಸುವಷ್ಟು ಹತ್ತಿರವಿದೆಯೇ ಎಂದು ಅಳೆಯುವಂತೆ. ಕೈತಪ್ಪಿತು ಮಗಳೇ, ಅಭ್ಯಾಸ, ಎಂದು ದಾಮಿಯಾನಾ ಶುರು ಮಾಡಿ ಅಲ್ಲೇ ನಿಲ್ಲಿಸಿದಳು.

‘ಬೇಕಂತಲೇ ಸುರಿದ್ಯಾ?’ ಎಂದು ಹುಡುಗಿ ಕೇಳುತ್ತಾಳೆಂದು ನಾನು ಮೂರು ಉತ್ತರ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಅವಳು ಅದನ್ನು ಕೇಳಲಿಲ್ಲ. ಬ್ರಶ್ಶನ್ನು ಪಕ್ಕಕ್ಕಿಟ್ಟು, ಮೆಲ್ಲಗೆ ಕೇಳಿದಳು:

“ಅಮ್ಮಾ, ಬೋರ್ಡು ಕೂರಿಸುವಾಗ ಇಲ್ಲಿ ಬಾ ಅಂತ ನಿನ್ನನ್ನ ಒಂದ್ಸಲಾನೂ ಕರೀಲಿಲ್ಲವಲ್ಲ, ಅದಕ್ಕಾ?”