ತೊಟ್ಟಿಲ ಮರದ ಬೆಂಚು

ತೊಟ್ಟಿಲು ವಾಪಸು ಬಂದದ್ದು ಸಾಮಾನು ಆಟೋದಲ್ಲಿ, ಹಗ್ಗ ಬಿಗಿಸಿಕೊಂಡು, ಒಂದು ಪಕ್ಕೆ ಮುರಿದುಕೊಂಡು. ಆಟೋದವನು ಅದನ್ನು ನಜರ್‌ಬಾದಿನ ಹಳೆಯ ಮನೆಯ ಜಗುಲಿಗೆ ಇಳಿಸಿ, "ಅಲ್ಲಿ ಏರಿಸ್ವಾಗ್ಲೇ ಇಂಗಿತ್ತು ಕಣಮ್ಮ, ನನ್ ತಲೆಗೆ ಕಟ್ಬುಡ್ಬೇಡಿ" ಎಂದು ಹೇಳಿ ಹೊರಟುಹೋದ. ಅವನ ಹಿಂದೆಯೇ ನಾದಿನಿ ಸೀತಾಲಕ್ಷ್ಮಿಯ ಫೋನು ಬಂತು.

"ಅತ್ತಿಗೆ, ಸಮರ್ಥನ ಮನೇಲಿ ಕೊಕ್ಕೆ ಜಾರಿ ಬಿದ್ಬಿಡ್ತಂತೆ. ಪುಣ್ಯಕ್ಕೆ ಒಳಗೆ ಮಗು ಇರ್ಲಿಲ್ಲ, ಒಗೆದ ಬಟ್ಟೆ ತುಂಬಿಟ್ಟಿದ್ರು. ಒಂಚೂರು ರಿಪೇರಿ ಮಾಡ್ಸಿ ಇಟ್ಟಿರಿ. ಅನನ್ಯಂಗೆ ಬೇಕಾಗತ್ತಲ್ಲ."

ಸಮರ್ಥ ಸೀತಾಲಕ್ಷ್ಮಿಯ ಮಗ. ಅನನ್ಯ ಮಗಳು, ಏಳು ತಿಂಗಳ ಬಸುರಿ.

"ಹೂಂ" ಎಂದಳು ಪಂಕಜಾ. ಇಪ್ಪತ್ತೊಂಬತ್ತು ವರ್ಷಗಳಿಂದ ಆ ಮನೆಯಲ್ಲಿ ಅವಳು ಆಡಿದ ಮಾತುಗಳಲ್ಲಿ ಅರ್ಧಕ್ಕರ್ಧ ಈ ಹೂಂ ಒಂದೇ ಇರಬೇಕು.

ತೊಟ್ಟಿಲು ಗಂಡ ಕೃಷ್ಣಸ್ವಾಮಿಯ ಮುತ್ತಜ್ಜನ ಕಾಲದ್ದು. ಆತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದನಂತೆ. ಕಪ್ಪಗೆ ಮಿರುಗುವ ತೇಗ, ಎರಡೂ ಪಕ್ಕಕ್ಕೆ ಕಡೆದ ಕಂಬಿಗಳು, ನಾಲ್ಕು ಮೂಲೆಗೆ ನಾಲ್ಕು ಕಂಬ, ಒಂದೊಂದು ಕಂಬದ ತಲೆಯ ಮೇಲೂ ಒಂದೊಂದು ಗಿಣಿ. ವಂಶದಲ್ಲಿ ಯಾರಿಗೆ ಮಗುವಾದರೂ ನಾಮಕರಣಕ್ಕೆ ಅದು ಈ ಮನೆಯ ಅಟ್ಟದಿಂದ ಇಳಿದು ಹೋಗಬೇಕು, ಮಗು ಮಗುಚಿಕೊಂಡ ಮೇಲೆ ಮತ್ತೆ ಅಟ್ಟಕ್ಕೆ ಬರಬೇಕು. ಹೋಗುವ ಮುಂಚೆ ಎಣ್ಣೆ ಸವರಿ, ಹಿತ್ತಾಳೆಯ ಸರಪಳಿಗೆ ಹುಣಸೆಹಣ್ಣು ತಿಕ್ಕಿ ಹೊಳಪು ತರುವುದು ಪಂಕಜಾಳ ಕೆಲಸ. ಹಾಗೆ ಹನ್ನೊಂದು ಸಲ ತಿಕ್ಕಿದ್ದಾಳೆ. ಅವಳದೇ ಒಂದು ಕೂಸು ಅದರಲ್ಲಿ ಮಲಗಲಿಲ್ಲ.

ಮದುವೆಯಾದ ವರ್ಷ, ಒರೆಸುತ್ತಿದ್ದಾಗ ತೊಟ್ಟಿಲು ಒಮ್ಮೆ ಮೆಲ್ಲಗೆ ತೂಗಿತ್ತು. ಅತ್ತೆ ಓಡಿಬಂದು ಸರಪಳಿ ಹಿಡಿದು ನಿಲ್ಲಿಸಿದರು. "ಖಾಲಿ ತೊಟ್ಟಿಲು ತೂಗ್ಬಾರದಮ್ಮ, ಮನೆಗೆ ಒಳ್ಳೇದಲ್ಲ." ಅವತ್ತಿನಿಂದ ಅವಳು ಎಡಗೈಯಲ್ಲಿ ಅದು ಅಲ್ಲಾಡದಂತೆ ಹಿಡಿದು ಬಲಗೈಯಲ್ಲಿ ಒರೆಸುವುದನ್ನು ಕಲಿತಳು. ಅತ್ತೆ ಹೋಗಿ ಹದಿನಾಲ್ಕು ವರ್ಷವಾದರೂ ಎಡಗೈ ಮರೆತಿರಲಿಲ್ಲ.

ಅವಳೊಳಗೆ ಮುಳ್ಳಾಗಿ ಉಳಿದದ್ದು ಹೋದ ವರ್ಷದ ಒಂದು ಮಾತು. ನಾಮಕರಣದಲ್ಲಿ ಮಗುವಿಗಿಂತ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲು ಹಾಕುತ್ತಾರೆ. ಮಸಾಲೆ ಅರೆಯುವ ಕಲ್ಲನ್ನು ತೊಳೆದು, ಅರಿಶಿನ ಹಚ್ಚಿ, ಕುಲಾವಿ ತೊಡಿಸಿ, ಕೂಸಿನಂತೆ ಮಲಗಿಸಿ ತೂಗುತ್ತಾರೆ. ಬರುವ ಪೀಡೆ ಕಲ್ಲಿಗಿರಲಿ, ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆ ಕಲ್ಲೂ ಪ್ರತಿ ಸಲ ತೊಟ್ಟಿಲ ಜೊತೆ ಈ ಮನೆಯಿಂದಲೇ ಹೋಗುತ್ತದೆ. ಆಮೇಲೆ ಮುತ್ತೈದೆಯರು ಎರಡೂ ಕಡೆ ನಿಂತು ಮಗುವನ್ನು ತೊಟ್ಟಿಲ ಕೆಳಗಿನಿಂದ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಾರೆ. ಸಮರ್ಥನ ಮಗಳ ನಾಮಕರಣದಲ್ಲಿ ಪಂಕಜಾ ಬಗ್ಗಿ ಕೈಚಾಚಿದ್ದಳು. ಮಗು ಬರುತ್ತಲೇ ಇತ್ತು. ಸೀತಾಲಕ್ಷ್ಮಿ ನಗುನಗುತ್ತಲೇ ನಡುವೆ ಬಂದು, "ಅತ್ತಿಗೆ, ನೀವು ಗುಂಡುಕಲ್ಲು ಎತ್ತಿಕೊಡಿ ಸಾಕು, ಬಗ್ಗಿದ್ರೆ ನಿಮ್ಗೆ ಸೊಂಟ ಹಿಡ್ಕೊಳ್ಳತ್ತೆ" ಎಂದಳು.

ಸೊಂಟ ಚೆನ್ನಾಗಿಯೇ ಇತ್ತು. ಅಲ್ಲಿದ್ದ ಇಪ್ಪತ್ತು ಹೆಂಗಸರಿಗೂ ಅದು ಗೊತ್ತಿತ್ತು. ಪಂಕಜಾ ಕಲ್ಲನ್ನು ಎತ್ತಿಕೊಟ್ಟಳು.

ಮುರಿದ ತೊಟ್ಟಿಲು ಜಗುಲಿಯ ಮೇಲೆ ನಾಲ್ಕು ದಿನ ಬಿದ್ದಿತ್ತು. ಐದನೆಯ ದಿನ ಮಧ್ಯಾಹ್ನ, ಹಜಾರದ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ ಪಂಕಜಾಳ ಕಣ್ಣು ತನ್ನ ಪಾದಗಳ ಮೇಲೆ ಬಿತ್ತು. ಅವು ನೆಲಕ್ಕೆ ತಾಗುತ್ತಿರಲಿಲ್ಲ. ಗಂಡನ ಮನೆಯವರೆಲ್ಲ ಉದ್ದಾಳುಗಳು. ಕುರ್ಚಿಗಳೂ ಅವರ ಅಳತೆಯವೇ. ಕುಳ್ಳಿ ಪಂಕಜಾ ಇಷ್ಟು ವರ್ಷ ಕುರ್ಚಿಯ ತುದಿಯಲ್ಲೋ ಅಡುಗೆಮನೆಯ ಹೊಸ್ತಿಲ ಮೇಲೋ ಕೂತೇ ಕಳೆದಿದ್ದಳು. ಈ ಮನೆಯಲ್ಲಿ ತನ್ನ ಅಳತೆಗೆಂದು ಮಾಡಿದ ವಸ್ತು ಯಾವುದಿದೆ ಎಂದು ಹುಡುಕಿದಳು. ರವಿಕೆಗಳು ಬಿಟ್ಟರೆ ಒಂದೂ ನೆನಪಾಗಲಿಲ್ಲ.

ಕಾಫಿ ಲೋಟ ಕೆಳಗಿಟ್ಟು, ಮನೆಗೆ ಮೊದಲಿನಿಂದಲೂ ಬರುತ್ತಿದ್ದ ಬಡಗಿ ಶಿವರಾಮುವಿಗೆ ಹೇಳಿಕಳಿಸಿದಳು.

ಶಿವರಾಮು ಬಂದು ತೊಟ್ಟಿಲನ್ನು ಸುತ್ತು ಹಾಕಿ ನೋಡಿ, ಕಂಬವನ್ನು ಉಗುರಿನಿಂದ ಗೀರಿ, "ಎಂಥಾ ಮರ ಅಮ್ಮಾವ್ರೆ! ನಾಕು ಕಂಬಿ ಕಡ್ಸುದ್ರೆ ಮುಗೀತು. ಹೊಸದ್ರಂಗೆ ಮಾಡಿ ಕೊಟ್ಬುಡ್ತೀನಿ" ಎಂದ.

"ತೊಟ್ಟಿಲು ಬೇಡ. ಇದನ್ನ ಬಿಚ್ಚಿ ನಂಗೊಂದು ಬೆಂಚು ಮಾಡ್ಕೊಡು."

ಶಿವರಾಮು ಕೈ ಹಿಂದಕ್ಕೆಳೆದುಕೊಂಡ. "ಬುಡ್ತು ಅನ್ನಿ! ತೊಟ್ಲಿಗೆ ಗರಗಸ ಇಕ್ಕೋದಾ? ಹರಕೆ ತೊಟ್ಲು ಮಾಡಿ ಮಾರೋನು ನಾನು. ಸುದ್ದಿ ಆದ್ರೆ ನನ್ ಅಂಗ್ಡಿ ಮೆಟ್ಲು ಯಾರು ಹತ್ತಾರು?"

"ಸರಿ, ನೀನು ಮುಟ್ಬೇಡ. ಗರಗಸ ಕೊಟ್ಟು ಹೋಗು."

"ನಿಮ್ಗೆ ಬತ್ತದಾ?"

"ಬರಲ್ಲ."

ಒಳ್ಳೆಯ ತೇಗವನ್ನು ತಿಳಿಯದ ಕೈಗೆ ಕೊಟ್ಟು ಹೋಗಲು ಅವನ ಕಸುಬು ಬಿಡಲಿಲ್ಲ. ಕಡೆಗೆ ಒಂದು ಷರತ್ತಿಗೆ ಒಪ್ಪಿದ. ದಿನಾ ಮೂರು ಗಂಟೆಗೆ ಬಂದು ಹಿತ್ತಿಲಲ್ಲಿ ಕೂರುತ್ತಾನೆ. ಮುಟ್ಟುವುದಿಲ್ಲ, ನೋಡುವುದೂ ಇಲ್ಲ. ನೋಡಿದರೆ ಪಾಲುದಾರನಾದ ಹಾಗೆ. ಬಾಯಲ್ಲಿ ಹೇಳುತ್ತಾನೆ, ಅಷ್ಟೇ. "ಬಾಯಿಗೆ ಪಾಪ ಅಂಟಾಕಿಲ್ಲ" ಎಂದ.

ಹಾಗೆ ಶುರುವಾಯಿತು. ಶಿವರಾಮು ಕಾಂಪೌಂಡಿನ ಕಡೆ ಮುಖ ಮಾಡಿ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದ. ಅವನ ಬೆನ್ನ ಹಿಂದೆ ಪಂಕಜಾ ಸೀರೆ ಎತ್ತಿಕಟ್ಟಿ ನಿಲ್ಲುತ್ತಿದ್ದಳು. ಮೊದಲ ದಿನ ಅವನು ಕೇಳಿದ್ದು ಒಂದೇ ಪ್ರಶ್ನೆ: "ಕೂರೋರು ಯಾರು?"

"ನಾನು."

"ಅಂಗಾದ್ರೆ ಮಂಡಿ ಒಳಗಿಂದ ಅಂಗಾಲ್ಗಂಟ ದಾರ ಇಡ್ದು ಅಳೀರಿ."

ಹದಿನೈದು ಇಂಚು. ಅವಳು ಆ ದಾರವನ್ನು ಕತ್ತರಿಸಿ ಮುಡಿಗೆ ಸಿಕ್ಕಿಸಿಕೊಂಡಳು.

ಮುರಿಯದ ಪಕ್ಕ ಬೆಂಚಿನ ಬೆನ್ನಿಗೆ ಎಂದ ಶಿವರಾಮು. ಆ ಕಡೆಯ ಎರಡು ಕಂಬ ಗಿಣಿಯ ಸಮೇತ ಹಾಗೆಯೇ ಇರಲಿ. ಈ ಕಡೆಯ ಎರಡನ್ನು ದಾರದಳತೆಗೆ ಕೊಯ್ಯಬೇಕು. ಮೊದಲ ಸಲ ಗರಗಸ ಎಳೆದಾಗ ಅದು ಕಿರುಚಿತು. ಶಿವರಾಮುವಿನ ಬೆನ್ನು ಸೆಟೆಯಿತು.

"ಒತ್ಬ್ಯಾಡಿ ಅಮ್ಮಾವ್ರೆ. ಗರಗಸಕ್ಕೆ ಹಲ್ಲವೆ, ಅದು ತಿಂತದೆ. ನೀವು ಬರೀ ಎಳೀರಿ."

ಅವಳು ಎಳೆದಳು. ಶಬ್ದ ಬದಲಾಯಿತು. ಹೊರಗೆ ಕಪ್ಪಾಗಿದ್ದ ಮರದ ಒಳಗೆ ಜೇನಿನ ಬಣ್ಣವಿತ್ತು. ನೂರು ವರ್ಷ ಮುಚ್ಚಿಟ್ಟ ವಾಸನೆ ಹಿತ್ತಿಲಿಡೀ ಹರಡಿತು. ಕೊಯ್ದ ತುಂಡಿನ ಜೊತೆ ಒಂದು ಗಿಣಿ ಅವಳ ಪಾದದ ಬಳಿ ಬಿತ್ತು. ಏನೋ ಆಗುತ್ತದೆ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿತು.

ಆರು ಮಧ್ಯಾಹ್ನ ಬೇಕಾಯಿತು. ತಳದ ಹಲಗೆಯ ಬಿರುಕಿಗೆ ಅಡ್ಡಪಟ್ಟಿ ಬಿಗಿದು, ಉಪ್ಪುಕಾಗದ ಹಾಕಿ ಉಜ್ಜಿ, ಸ್ಕ್ರೂ ತಿರುಗಿಸಿ, ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡು, ಅವಳು ಒಬ್ಬರು ಆರಾಮಾಗಿ, ಇಬ್ಬರು ಒತ್ತಿಕೊಂಡು ಕೂರುವಂಥ ಬೆಂಚು ನಿಲ್ಲಿಸಿದಳು. ಕೊಯ್ದ ಎರಡು ಗಿಣಿಗಳು ಬಾಗಿಲ ಪಕ್ಕದ ಗೋಡೆಯಲ್ಲಿ ಛತ್ರಿ, ಚೀಲ ನೇತುಹಾಕುವ ಗೂಟಗಳಾದವು. ಒಂದೇ ಐಬು: ಮುಂದಿನ ಒಂದು ಕಾಲು ಗಿಡ್ಡ. ಗರಗಸವನ್ನು ಗೆರೆಯ ಹೊರಗೆ ಇಡಬೇಕೆಂದು ಶಿವರಾಮು ಹೇಳಿರಲಿಲ್ಲ. ನೋಡದ ಮೇಲೆ ಹೇಳಬೇಕೆಂದು ಅವನಿಗೆ ಹೊಳೆಯುವುದು ಹೇಗೆ? ಆ ಒಂದರಲ್ಲಿ ಗರಗಸದ ದಪ್ಪದಷ್ಟು ಮರ ಹೆಚ್ಚಿಗೆ ಹೋಗಿತ್ತು. ಕೂತರೆ ಬೆಂಚು ಕೊಂಚ ಆಚೆ ಈಚೆ ವಾಲುತ್ತಿತ್ತು.

ಕೊನೆಯ ದಿನ ಹೋಗುವಾಗ ಶಿವರಾಮು ತಡೆಯಲಾರದೆ ತಿರುಗಿ ನೋಡಿದ. ಬೆನ್ನಿನ ಕಂಬಿಗಳ ಮೇಲೆ ಕೈಯಾಡಿಸಿ, "ಪಾಪ ಆದ್ರೆ ಆಗ್ಲಿ ಬುಡಿ" ಎಂದ.

ಕೃಷ್ಣಸ್ವಾಮಿ ನಿವೃತ್ತ ಲೆಕ್ಚರರ್. ಅವರು ಆರೂ ದಿನ ಹಿತ್ತಿಲ ಶಬ್ದ ಕೇಳಿಸಿಕೊಂಡರು, ಪೇಪರಿನಿಂದ ತಲೆ ಎತ್ತಲಿಲ್ಲ. ಬೆಂಚು ಕಿಟಕಿಯ ಪಕ್ಕಕ್ಕೆ ಬಂದಾಗ ಮಾತ್ರ ಕೇಳಿದರು: "ಸೀತಂಗೆ ಏನ್ ಹೇಳ್ತೀಯಾ?"

"ನೀವು ಏನ್ ಹೇಳ್ತೀರಿ?"

ಅವರು ಪುಟ ತಿರುವಿದರು.

ಅನನ್ಯಳಿಗೆ ಹೆಣ್ಣು ಕೂಸು ಹುಟ್ಟಿತು. ನಾಮಕರಣಕ್ಕೆ ನಾಲ್ಕು ದಿನ ಇರುವಾಗ ಸೀತಾಲಕ್ಷ್ಮಿ ಶ್ರೀರಾಂಪುರದಿಂದ ಗಾಡಿ ಮಾಡಿಕೊಂಡೇ ಬಂದಳು. ಒಳಗೆ ಬಂದವಳು ಅಟ್ಟ ನೋಡಿ, "ಎಲ್ಲಿ ಅತ್ತಿಗೆ, ಇಳಿಸೇ ಇಲ್ವಾ?" ಎನ್ನುತ್ತ ಬಾಗಿಲ ಪಕ್ಕದ ಗೂಟಕ್ಕೆ ಚೀಲ ನೇತುಹಾಕಿದಳು. ಕೈಗೆ ಗಿಣಿ ಸಿಕ್ಕಿತು. ಅವಳು ನಿಧಾನವಾಗಿ ಕಿಟಕಿಯ ಕಡೆ ತಿರುಗಿದಳು.

"ಇದೇನು?"

"ಬೆಂಚು."

"ಅಯ್ಯೋ ಅಯ್ಯೋ, ತೊಟ್ಟಿಲು ಕೊಯ್ದುಬಿಟ್ರಾ! ನಮ್ಮ ಮುತ್ತಜ್ಜನ ಕಾಲದ್ದು! ಅಣ್ಣಾ, ಏನೋ ಇದು? ನೋಡ್ಕೊಂಡು ಸುಮ್ನಿದ್ದೀಯಲ್ಲೋ!"

ಕೃಷ್ಣಸ್ವಾಮಿ ಕನ್ನಡಕ ತೆಗೆದು ಒರೆಸತೊಡಗಿದರು.

"ಮುರಿದು ಬಂದಾಗ ಅದು ನಮ್ಮನೇದಾಗಿತ್ತು ಸೀತಾ" ಎಂದಳು ಪಂಕಜಾ. "ರಿಪೇರಿ ಮಾಡ್ಸಿ ಅಂತ ನೀನೇ ಅಂದೆ. ಮಾಡ್ದೆ."

"ಆ ಶಿವರಾಮುನ ಕರೆಸಿ ಮೊದ್ಲಿನ ಹಾಗೆ ಜೋಡ್ಸಿ. ಇನ್ನೂ ನಾಲ್ಕು ದಿನ ಇದೆ."

"ಜೋಡ್ಸಲ್ಲ."

"ಜೋಡ್ಸಲ್ಲ ಅಂದ್ರೆ?"

"ಜೋಡ್ಸಲ್ಲ ಅಂದ್ರೆ ಜೋಡ್ಸಲ್ಲ. ಇದು ನನ್ನ ಬೆಂಚು."

ಸೀತಾಲಕ್ಷ್ಮಿಯ ಮುಖ ಕೆಂಪೇರಿತು. "ಅದ್ರಲ್ಲಿ ನಾನು ಮಲಗಿದ್ದೆ, ನನ್ನ ಮಕ್ಕಳು ಮಲಗಿದ್ರು. ಹೆತ್ತವರಿಗಷ್ಟೇ ತೊಟ್ಟಿಲಿನ ಬೆಲೆ ಗೊತ್ತು ಅತ್ತಿಗೆ. ನಿಮಗೇನು ಗೊತ್ತು?"

ಇಪ್ಪತ್ತೊಂಬತ್ತು ವರ್ಷ ಎಲ್ಲರೂ ಸುತ್ತಿ ಬಳಸಿ ದಾಟಿಕೊಂಡು ಬಂದ ಮಾತು ಈಗ ಹಜಾರದ ನಟ್ಟನಡುವೆ ಬಿದ್ದಿತ್ತು. ಪಂಕಜಾ ಅದನ್ನು ನೋಡುತ್ತ ನಿಂತಳು. ಇಷ್ಟೇನಾ ಅನಿಸಿತು. ಕತ್ತಲಲ್ಲಿ ಹೆದರಿಸುತ್ತಿದ್ದದ್ದು ಬೆಳಕು ಹಾಕಿದಾಗ ಗೂಟಕ್ಕೆ ನೇತುಹಾಕಿದ ಬರೀ ಕೋಟು.

ಅವಳು ಅಡುಗೆಮನೆಗೆ ಹೋದಳು. ಹೊರಬಂದಾಗ ಎರಡೂ ಕೈಯಲ್ಲಿ ಗುಂಡುಕಲ್ಲಿತ್ತು, ಹಸುಗೂಸಿನಷ್ಟೇ ಭಾರದ್ದು.

"ಹನ್ನೊಂದು ಸಲ ಇದಕ್ಕೆ ಕುಲಾವಿ ಹಾಕಿದೀನಿ. ನಂಗೆ ಕೂಸು ಅಂತ ನೀವುಗಳು ಎತ್ತಿಕೊಳ್ಳೋಕೆ ಬಿಟ್ಟಿದ್ದು ಇದೊಂದನ್ನೇ. ತಗೋ. ಇನ್ಮೇಲೆ ಇದನ್ನ ನೀವೇ ತೊಳೀರಿ, ನೀವೇ ಎತ್ತಿಕೊಡಿ."

ಕೈಗೆ ಬಂದದ್ದನ್ನು ಸೀತಾಲಕ್ಷ್ಮಿ ತನಗರಿವಿಲ್ಲದೆಯೇ, ತಲೆಯ ಕೆಳಗೆ ಅಂಗೈಯಿಟ್ಟು ಮಗುವನ್ನು ಹಿಡಿಯುವ ಹಾಗೆ ಎದೆಗವಚಿಕೊಂಡಳು. ಅರ್ಥವಾದಾಗ ಕೆಳಗಿಡಲೂ ಆಗದೆ, ಹಿಡಿಯಲೂ ಆಗದೆ ಅಣ್ಣನನ್ನು ನೋಡಿದಳು.

"ಸೀತಾ," ಎಂದರು ಕೃಷ್ಣಸ್ವಾಮಿ. "ನಾಮಕರಣಕ್ಕೆ ತೊಟ್ಟಿಲು ಬಾಡಿಗೆಗೆ ಸಿಗತ್ತೆ. ಫೋನ್ ಮಾಡಿ ಹೇಳ್ತೀನಿ. ನೀನೀಗ ಹೊರಡು."

ಅವಳು ಹೊರಟಳು. ಕಲ್ಲು ಅವಳ ಜೊತೆಗೇ ಹೋಯಿತು. ಗಾಡಿಯ ಬಾಗಿಲು ಬಡಿದ ಸದ್ದು ಕೇಳಿತು.

ಪಂಕಜಾ ಬೆಂಚಿನ ಮೇಲೆ ಕೂತಳು. ಎರಡೂ ಪಾದ ತಣ್ಣನೆಯ ಕೆಂಪು ನೆಲದ ಮೇಲೆ ಪೂರ್ತಿಯಾಗಿ ಊರಿಕೊಂಡವು. ಬೆಂಚು ಒಮ್ಮೆ ಆಚೆಗೆ ವಾಲಿತು, ಒಮ್ಮೆ ಈಚೆಗೆ.

ಕೃಷ್ಣಸ್ವಾಮಿ ಪೇಪರಿನ ಒಂದು ಹಾಳೆ ಹರಿದು, ನಾಲ್ಕಾಗಿ ಮಡಚಿ, ಬಗ್ಗಿದರು.

"ಅಲ್ಲಾಡತ್ತೆ ಕಣೇ. ಕಾಲಿನ ಕೆಳಗೆ ಇದನ್ನ ಇಡ್ಲಾ?"

ಅವಳ ಎಡಗೈ ಅಭ್ಯಾಸಬಲದಿಂದ ಕಂಬದತ್ತ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು.

"ಬೇಡ," ಎಂದಳು. "ಅಲ್ಲಾಡ್ಲಿ."