ಹುಣಸೆಮರಕ್ಕೆ ಉಡಿ ತುಂಬಿದ್ದು

ಅರವತ್ತೆರಡರ ಮಳೆಗಾಲದಲ್ಲಿ ಮುಂಡಗೋಡದ ಕೆರೆ ಓಣಿಯ ಚನಬಸಪ್ಪನಿಗೆ ರಾಜನಾಗುವ ಹುಚ್ಚು ನೆತ್ತಿಗೇರಿತ್ತು. ದಸರೆಯ ದೊಡ್ಡಾಟದಲ್ಲಿ ಅವನದೇ ರಾಜನ ಪಾತ್ರ. ಹಳಿಯಾಳದ ಮೇಳದವರು ಕಿರೀಟಕ್ಕೆ ನವಿಲುಗರಿ ಸಿಕ್ಕಿಸಿದರೆ ತನ್ನದಕ್ಕೆ ಬೆಳ್ಳಕ್ಕಿಯ ತುರಾಯಿಯೇ ಬೇಕೆಂದು ಹಟ ಹಿಡಿದ. ಆ ನೂಲಿನಂಥ ಬಿಳಿ ಗರಿ ಹಕ್ಕಿಯ ಬೆನ್ನ ಮೇಲೆ ಮೂಡುವುದು ಗೂಡು ಕಟ್ಟುವ ಕಾಲಕ್ಕೆ ಮಾತ್ರ. ಗೂಡುಗಳಿದ್ದದ್ದು ಅವನ ದೊಡ್ಡವ್ವ ಹೊಳೆವ್ವನ ಹಿತ್ತಲ ಹುಣಸೆಮರದಲ್ಲಿ.

ಹೊಳೆವ್ವ ಮಕ್ಕಳಿಲ್ಲದ ವಿಧವೆ. ಮಳೆಗಾಲಕ್ಕೆ ಬರುವ ಬೆಳ್ಳಕ್ಕಿಗಳನ್ನು ‘ನಮ್ಮ ಬಾಣಂತ್ಯಾರು’ ಎನ್ನುತ್ತಿದ್ದಳು. ಹಿತ್ತಲೆಲ್ಲ ಮೀನಿನ ನಾತ, ಒಣಹಾಕಿದ ಸೀರೆಗೆಲ್ಲ ಹಿಕ್ಕೆ. ಓಣಿಯವರು ಮೂಗು ಮುರಿದರೆ, ತವರಿಗೆ ಬಂದ ಮಗಳನ್ನು ಬಯ್ಯುವವರುಂಟೇ ಎಂದು ಜಗಳಕ್ಕೇ ನಿಲ್ಲುತ್ತಿದ್ದಳು.

“ನಾಳೆ ಹಳಿಯಾಳದಿಂದ ದಾವಲಸಾಬ ಬಂದೂಕ ತರ್ತಾನ, ದೊಡ್ಡವ್ವ. ನಾಕು ಹಕ್ಕಿ ಸಾಕು,” ಎಂದ ಚನಬಸಪ್ಪ.

“ಮರಿಗೆ ಗುಟುಕು ಕೊಡಾವ್ರು ಯಾರು, ನೀನೇನು?”

ಅವನು ಮೀಸೆ ತಿರುವುತ್ತ ಹೊರಟ. ಮರ ಮನೆತನದ್ದು, ಮನೆತನಕ್ಕೆ ಗಂಡಸು ತಾನೊಬ್ಬನೇ ಎಂಬ ಠೇಂಕಾರ.

ಹೊಳೆವ್ವ ಮರದಡಿ ಕೂತು ಯೋಚಿಸಿದಳು. ಉಡಿ ತುಂಬಿಸಿಕೊಂಡ ಮಗಳ ಮೇಲೆ ಆ ಮನೆಯ ಗಂಡಸು ಕೈ ಎತ್ತುವಂತಿಲ್ಲ. ಮರಕ್ಕೇ ಉಡಿ ತುಂಬಿಸಿದರೆ ಹೇಗೆ? ಆದರೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಮಡಿಲಿಗಿಡುವುದು ಮುತ್ತೈದೆಯರ ಕೆಲಸ. ಗಂಡ ಹೋದ ಮೇಲೆ ಅವಳನ್ನು ಅಂಥ ಕಡೆ ಯಾರೂ ಕರೆದಿರಲಿಲ್ಲ. ಬಿಗುಮಾನ ಬದಿಗಿಟ್ಟು ಮನೆಮನೆಯ ಬಾಗಿಲು ಬಡಿದಳು. ಹೆಂಗಸರು ನೋಡೋಣ ಎಂದರು, ಅಂದರೆ ಇಲ್ಲ ಎಂದರು.

ಬೆಳಿಗ್ಗೆ ಚನಬಸಪ್ಪನ ಜೊತೆ ದಾವಲಸಾಬ ಬಂದೂಕು ಹಿಡಿದು ಬಂದಾಗ ಮರದಡಿ ಹೊಳೆವ್ವ ಒಬ್ಬಳೇ ನಿಂತಿದ್ದಳು. ಅಷ್ಟರಲ್ಲಿ ಚನಬಸಪ್ಪನ ಹೆಂಡತಿ ಗುರುಸಿದ್ದವ್ವ, ತುಂಬು ಬಸುರಿ, ಮೊರದ ತುಂಬ ಅಕ್ಕಿ ಹಿಡಿದು ಹಿತ್ತಲಿಗೆ ಬಂದಳು. ಹಿಂದೆ ಓಣಿಯ ಹೆಂಗಸರೆಲ್ಲ. ಇದು ನನ್ನ ಬಯಕೆ ಎಂದು ಅವಳೇ ಹೋಗಿ ಕರೆದಿದ್ದಳು. ಬಸುರಿಯ ಬಯಕೆಗೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಗಂಡನತ್ತ ತಿರುಗಿಯೂ ನೋಡದೆ ಬುಡಕ್ಕೆ ಅರಿಸಿನ ಹಚ್ಚಿ, ಖಣ ಕಟ್ಟಿ, ಅಕ್ಕಿ ಸುರಿದಳು. ಉಳಿದವರೂ ಸುರಿದರು.

“ಗಿಡಕ್ಕ ಯಾರರ ಉಡಿ ತುಂಬ್ತಾರೇನು?” ಚನಬಸಪ್ಪ ಗೊಣಗಿದ.

“ನಾವು ತುಂಬೇವಲ್ಲ. ಇನ್ನ ಇದು ಈ ಮನಿ ಮಗಳು. ಹೊಡೀರಿ, ನೋಡೂಣು,” ಎಂದಳು ಹೆಂಡತಿ.

ದಾವಲಸಾಬ ಬಂದೂಕಿನಿಂದ ತೋಟಾ ತೆಗೆದು ಜೇಬಿಗೆ ಹಾಕಿಕೊಂಡ. “ನಮ್ಮಜ್ಜ ಈ ಗರಿ ದೊರಿಸಾನಿಗೋಳ ಟೊಪ್ಪಿಗಿಗೆ ಕೊಡ್ತಿದ್ದ. ಗೂಡಿನಾಗ ಮರಿ ಉಪಾಸ ಸಾಯ್ತಾವಂತ ತಿಳದು, ಬ್ಯಾಡಂತ ಎದ್ದು ನಿಂತಾವ್ರು ಅವರ ವಿಲಾಯತಿಯಾಗೂ ಹೆಣ್ಮಕ್ಕಳ ಅಂತ. ನನ್ನ ಕೈಲೆ ಆಗೂದಿಲ್ಲಪಾ.” ಬಾಣಂತಿಯ ಮನೆಗೆ ಬರಿಗೈಲಿ ಬರಬಾರದೆಂದು ಹೆಗಲ ಮೇಲಿನ ಹೊಸ ಟಾವೆಲ್ ಕೊಂಬೆಗೆ ಕಟ್ಟಿ ನಡೆದ.

ಮೇಲಿದ್ದ ಒಂದು ಬೆಳ್ಳಕ್ಕಿ ಸರಿಯಾಗಿ ರಾಜನ ನೆತ್ತಿಗೇ ಹಿಕ್ಕೆ ಹಾಕಿತು. ಓಣಿಗೆ ಓಣಿಯೇ ನಕ್ಕಿತು. ಕಡೆಗೆ ಅವನಿಗೂ ನಗು ತಡೆಯಲಾಗಲಿಲ್ಲ.

ಮೊರದಲ್ಲಿ ಇನ್ನೂ ಅಕ್ಕಿ ಉಳಿದಿತ್ತು. ಗುರುಸಿದ್ದವ್ವ ಹೊಳೆವ್ವನ ಮುಂದೆ ಸೆರಗೊಡ್ಡಿದಳು. “ಅತ್ತಿ, ನನ್ನ ಉಡಿ ನೀವು ತುಂಬ್ರಿ.”

“ನನ್ನ ಕೈಲೆ ಬ್ಯಾಡ, ತಂಗಿ.”

“ಇಷ್ಟು ಬಾಣಂತ್ಯಾರನ್ನ ಕಾದ ಕೈ ಅದು. ನನಗ ಅದ ಬೇಕು.”

ಮುತ್ತೈದೆಯೊಬ್ಬಳು ಮೊರವನ್ನು ಹೊಳೆವ್ವನತ್ತ ಚಾಚಿದಳು. ಹೊಳೆವ್ವ ಬೊಗಸೆ ತುಂಬ ಅಕ್ಕಿ ಎತ್ತಿ ಸೆರಗಿಗೆ ಸುರಿದಳು.