ಮಿರೆಲ್ಡಾಳ ಇಪ್ಪತ್ತನೆಯ ಕುಣಿತ

ಹವಾನಾದ ಆ ನಾಟ್ಯಶಾಲೆಯ ನೆಲದಲ್ಲಿ ಏಳು ಕಡೆ ಹಲಗೆ ಎದ್ದಿತ್ತು. ಎಲ್ಲೆಲ್ಲಿ ಅಂತ ಮಿರೆಲ್ಡಾಳ ಬರಿಗಾಲಿಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಅದೇ ನೆಲ ತುಳಿದವಳು. ಬ್ಯಾಲೆ ಬೇಕೆಂದರೆ ಬ್ಯಾಲೆ, ಹೊಸ ಕಾಲದ ಕುಣಿತ ಬೇಕೆಂದರೆ ಅದು, ಹೋಟೆಲಿನ ಪ್ರವಾಸಿಗರಿಗಾಗಿ ಗರಿ ಕಟ್ಟಿ ಕುಣಿಸುವುದಕ್ಕೂ ಸೈ. ಹತ್ತೊಂಬತ್ತು ನಾಟ್ಯ ಕಟ್ಟಿದ್ದಳು. ಒಂದರ ಪೋಸ್ಟರಿನಲ್ಲೂ ಅವಳ ಹೆಸರಿಲ್ಲ. ಕಾಗದದಲ್ಲಿ ಅವಳು ಬರೀ ತಾಲೀಮು ಮಾಡಿಸುವವಳು. ಹೆಸರೆಲ್ಲ ನಿರ್ದೇಶಕ ಎವೆಲಿಯೊನದು. ಆ ಪುಣ್ಯಾತ್ಮನಿಗೋ ಹೊಟ್ಟೆ ಅಡ್ಡ ಬಂದು, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲೂ ಆಗುತ್ತಿರಲಿಲ್ಲ!

ಇಪ್ಪತ್ತನೆಯದು ಅವಳ ಅವ್ವನ ಕಥೆ. ಅವ್ವ ಸಾಂತಿಯಾಗೊದಲ್ಲಿ ಮಂದಿ ಬಟ್ಟೆ ಒಗೆದು ಒಗೆದೇ ಸತ್ತವಳು. ಕುಕ್ಕುವುದು, ಹಿಂಡುವುದು, ಕೊಡವಿ ಒಣಹಾಕುವುದು, ಎಲ್ಲ ಕುಣಿತವಾಗಿತ್ತು. ಪ್ರದರ್ಶನದ ದಿನ ಬೆಳಿಗ್ಗೆ ಗೋಡೆಗೆ ಪೋಸ್ಟರ್ ಬಿತ್ತು: 'ಒಗೆಯುವ ಹೆಂಗಸರು. ನಾಟ್ಯ ಸಂಯೋಜನೆ: ಎವೆಲಿಯೊ.'

ಮಿರೆಲ್ಡಾ ನೇರ ಅವನ ಕೋಣೆಗೆ ನುಗ್ಗಿದಳು.

"ಹತ್ತೊಂಬತ್ತು ನುಂಗಿ ನೀರು ಕುಡಿದ್ರಿ, ಸುಮ್ನಿದ್ದೆ. ಇದು ನಮ್ಮವ್ವ ಕಣ್ರೀ!"

"ಯಾಕಮ್ಮಾ ರಂಪ? ನಾವೆಲ್ಲ ಒಂದೇ ಮನೆಯವರಲ್ವಾ?"

"ಒಂದೇ ಮನೆ ಆದ್ರೆ ಉಣ್ಣೋದು ನೀವು, ಪಾತ್ರೆ ತೊಳೆಯೋದು ಮಾತ್ರ ನಾನಾ?"

ಎವೆಲಿಯೊನ ನಗು ಇಳಿಯಿತು. "ಒಗೆಯೋಳ ಮಗಳ ಹೆಸರು ನೋಡಿ ಯಾರು ಟಿಕೆಟ್ ತಗೋತಾರೆ? ತೆಪ್ಪಗೆ ಹೋಗಿ ತಾಲೀಮು ಮಾಡ್ಸು."

ಅವಳು ಕಣ್ಣೊರೆಸಿಕೊಂಡು ತಾಲೀಮಿಗೆ ಬಂದಳು. ಗೋಡೆ ತೆಳ್ಳಗಿತ್ತು, ಕುಣಿಯುವ ಹುಡುಗಿಯರ ಕಿವಿಗೆ ಎಲ್ಲ ಬಿದ್ದಿತ್ತು. ಪಾಠ ಮುಗಿದದ್ದೇ ಎಂದಿನಂತೆ ಸಾಲಾಗಿ ನಿಂತು, ಒಂದು ಕಾಲು ಹಿಂದಿಟ್ಟು, ಮಂಡಿ ಬಗ್ಗಿಸಿ ಅವಳಿಗೆ ವಂದಿಸಿದರು. ಕಲಿಸಿದವರಿಗೆ ಹಾಗೆ ವಂದಿಸದೆ ಬ್ಯಾಲೆಯವರು ಯಾರೂ ನೆಲ ಬಿಟ್ಟು ಕದಲುವುದಿಲ್ಲ.

"ಅಕ್ಕಾ, ಸಂಜೆ ಪರದೆ ಪಕ್ಕದಲ್ಲೇ ಇರು," ಎಂದಳು ಹಿರಿಯವಳಾದ ದಾನಿಯಾ.

"ಇನ್ನೆಲ್ಲಿ ಹಾಳಾಗಿ ಹೋಗ್ಲೇ? ಇರ್ತೀನಿ."

ಸಂಜೆ ರಂಗಮಂದಿರ ತುಂಬಿತ್ತು. ಕುಣಿತ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬಿಳಿ ಕೋಟಿನ ಎವೆಲಿಯೊ ರಂಗದ ನಡುವೆ ಬಂದು, ಎಲ್ಲ ತನ್ನದೇ ಎಂಬಂತೆ ಎರಡೂ ಕೈ ಚಾಚಿದ. ಅಷ್ಟರಲ್ಲಿ ಹದಿನಾರು ಹುಡುಗಿಯರೂ ಅವನಿಗೆ ಬೆನ್ನು ಹಾಕಿ ಪಕ್ಕದ ಪರದೆಯತ್ತ ತಿರುಗಿದರು. ಕಾಲು ಹಿಂದಿಟ್ಟರು. ಮಂಡಿ ಬಗ್ಗಿಸಿದರು. ಅಲ್ಲಿ ಮಿರೆಲ್ಡಾ ಬಾಯಿ ತುಂಬ ಬ್ರೆಡ್ಡು, ಸೀಬೆಹಣ್ಣಿನ ಮುರಬ್ಬ ತುಂಬಿಕೊಂಡು ಪೆದ್ದುಪೆದ್ದಾಗಿ ನಿಂತಿದ್ದಳು. ದಾನಿಯಾ ಓಡಿಹೋಗಿ ಅವಳನ್ನು ಬೆಳಕಿಗೆ ಎಳೆದು ತಂದಳು.

"ಇವಳು ಮಿರೆಲ್ಡಾ! ಈ ಕುಣಿತ ಕಟ್ಟಿದವಳು ಇವಳು! ಒಗೆದವಳು ಇವಳವ್ವ!"

"ಮಿರೆಲ್ಡಾ! ಮಿರೆಲ್ಡಾ!" ಬಾಲ್ಕನಿಯವರು ಕಾಲು ಕುಟ್ಟತೊಡಗಿದರು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಎವೆಲಿಯೊ ಪಕ್ಕಕ್ಕೆ ಓಡಿ, ಪರದೆ ಎಳೆಯುವ ಮುದುಕ ಯೂಸೆಬಿಯೊನ ಮೇಲೆ ಹಾಯ್ದ. "ಏಯ್, ಪರದೆ ಹಾಕೋ! ಬೇಗ!"

ಯೂಸೆಬಿಯೊ ಹಗ್ಗವನ್ನು ನೆಲದ ಗೂಟಕ್ಕೆ ಸುತ್ತಿ, ನಿಧಾನವಾಗಿ ಮೂರು ಗಂಟು ಬಿಗಿದು, ಕೈ ಕೊಡವಿಕೊಂಡ.

"ಗಂಟು ಬಿದ್ದುಬಿಟ್ಟಿದೆ ಡೈರೆಕ್ಟ್ರೇ. ನೀವೇ ಒಂಚೂರು ಬಗ್ಗಿ ಬಿಚ್ಚಿ."